ನುಂಗಿದ ಆಂಟಿಬಯೋಟಿಕ್ ಚರ್ಮದ ಸೋಂಕಿಗೆ ಮುಟ್ಟುವಂತೆ ಮಾಡುವುದು ಹೇಗೆ

ಕಾಲು ಕೆಂಪಗೆ ಬಾತು, ಚಳಿಜ್ವರ ಬಂದು, ಗುಳಿಗೆ ಶುರು ಮಾಡಿ ಎರಡು ದಿನವಾದರೂ ಬಾವು ಇಳಿಯದಿದ್ದರೆ ನಮ್ಮ ಕಡೆ ಮೊದಲು ಬರುವ ಮಾತು, "ಈ ಗುಳಿಗ್ಯಾಗ ಪವರ್ ಇಲ್ಲ, ಸೂಜಿ ಮಾಡ್ರಿ." ಹುಬ್ಬಳ್ಳಿಯ ದೊಡ್ಡ ದವಾಖಾನೆಯಿಂದ ಹಾನಗಲ್ಲಿನ ಸಣ್ಣ ಕ್ಲಿನಿಕ್ಕಿನವರೆಗೆ ಇದೇ ಮಾತು ಕೇಳಿಸುತ್ತದೆ. ಎಷ್ಟೋ ಸಲ ಔಷಧ ಸರಿಯಾಗಿಯೇ ಇರುತ್ತದೆ, ರೋಗಾಣು ಇರುವ ಜಾಗಕ್ಕೆ ಬೇಕಾದಷ್ಟು ಹೊತ್ತು, ಬೇಕಾದಷ್ಟು ಪ್ರಮಾಣದಲ್ಲಿ ಅದು ಮುಟ್ಟಿರುವುದಿಲ್ಲ ಅಷ್ಟೇ. ಮುಟ್ಟಿಸಲು ಮನೆಯಲ್ಲಿ ಏನು ಮಾಡಬೇಕು, ವೈದ್ಯರ ಹತ್ತಿರ ಏನು ಕೇಳಬೇಕು ಎಂಬುದು ಈ ಬರಹದ ವಿಷಯ. ಇಲ್ಲಿರುವ ಡೋಸ್‌ಗಳು ಬರೆದುಕೊಟ್ಟ ಚೀಟಿಯನ್ನು ಅರ್ಥ ಮಾಡಿಕೊಳ್ಳಲಿಕ್ಕೆ ಮಾತ್ರ. ಇದನ್ನು ಓದಿ ಅಂಗಡಿಗೆ ಹೋಗಿ ಔಷಧ ಕೇಳಬೇಡಿ. ಗುಳಿಗೆಯ ಪಟ್ಟಿಯ ಹಿಂದೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡುವಂಥದ್ದಲ್ಲ.

ಮೊದಲು, ಇದು ಆಂಟಿಬಯೋಟಿಕ್ ಕೇಳುವ ರೋಗವೇ?

ಗಜಕರ್ಣ ಶಿಲೀಂಧ್ರದ್ದು, ಸರ್ಪಸುತ್ತು ವೈರಸ್ಸಿನದು, ರಾತ್ರಿ ಮನೆಮಂದಿಗೆಲ್ಲ ತುರಿಸುವ ಕಜ್ಜಿ ಹುಳದ್ದು. ಈ ಮೂರಕ್ಕೂ ಆಂಟಿಬಯೋಟಿಕ್ ಚರ್ಮಕ್ಕೆ ಎಷ್ಟು ಮುಟ್ಟಿದರೂ ಉಪಯೋಗವಿಲ್ಲ. ತುರಿಸಿ ತುರಿಸಿ ಕೀವು ತುಂಬಿದ್ದರೆ ಮಾತ್ರ ಅದರ ಕೆಲಸ. ಎರಡೂ ಕಾಲು ಒಂದೇ ಸಮ ಕೆಂಪಗಿದ್ದು, ಜ್ವರವಿಲ್ಲದೆ, ತಿಂಗಳುಗಟ್ಟಲೆ ಹಾಗೇ ಇದ್ದರೆ ಹೆಚ್ಚಾಗಿ ಅದು ಅಶುದ್ಧ ರಕ್ತನಾಳಗಳ ತೊಂದರೆ. ಸೆಲ್ಯುಲೈಟಿಸ್ ಎಂಬ ಸೋಂಕು ಬಹುತೇಕ ಒಂದೇ ಕಾಲಿಗೆ, ಒಂದೆರಡು ದಿನದಲ್ಲಿ, ಬಿಸಿ ಮತ್ತು ನೋವಿನ ಜೊತೆ ಬರುತ್ತದೆ.

ಉಳಿದದ್ದರಲ್ಲಿ ಹೆಚ್ಚಿನವು ಎರಡು ರೋಗಾಣುಗಳ ಕೆಲಸ. ಕೀವು ತುಂಬಿದ ಕುರು ಸಾಮಾನ್ಯವಾಗಿ ಸ್ಟ್ಯಾಫಿಲೊಕಾಕಸ್‌ನದು. ಕೀವಿಲ್ಲದೆ ಬೆಂಕಿಯಂತೆ ಹರಡುವ ಕೆಂಪು ಸಾಮಾನ್ಯವಾಗಿ ಸ್ಟ್ರೆಪ್ಟೊಕಾಕಸ್‌ನದು. ಮಕ್ಕಳ ಮೂಗು-ಬಾಯಿಯ ಸುತ್ತ ಜೇನುಬಣ್ಣದ ಹಕ್ಕಳೆ ಕಟ್ಟುವ ಇಂಪೆಟಿಗೊ ಇಬ್ಬರದೂ ಹೌದು. ಮೂರೂ ಬೇರೆ ಬೇರೆ ಆಳದಲ್ಲಿ ಇರುವುದರಿಂದ ಔಷಧ ಹೋಗುವ ದಾರಿಯೂ ಬೇರೆ.

ಔಷಧ ಹೋಗುವ ದಾರಿ

ಚರ್ಮದ ಮೇಲ್ಪದರದಲ್ಲಿ ರಕ್ತನಾಳಗಳೇ ಇಲ್ಲ. ಅದರ ಕೆಳಗಿನ ಒಳಚರ್ಮದಲ್ಲಿ ಇವೆ, ಅದಕ್ಕೂ ಕೆಳಗಿನ ಕೊಬ್ಬಿನಲ್ಲಿ ಮತ್ತೆ ವಿರಳ. ನುಂಗಿದ ಗುಳಿಗೆ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಸೂಕ್ಷ್ಮ ನಾಳಗಳಿಗೆ, ಅಲ್ಲಿಂದ ಹೊರಗೆ ಜೀವಕೋಶಗಳ ನಡುವಿನ ದ್ರವಕ್ಕೆ ಇಳಿಯಬೇಕು. ಸೋಂಕಿನ ರೋಗಾಣು ಹೆಚ್ಚಾಗಿ ಇರುವುದು ಆ ದ್ರವದಲ್ಲೇ. ಮಲಪ್ರಭಾ ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ರೋಣದ ಕೊನೆಯ ಹೊಲ ತೊಯ್ಯುವುದಿಲ್ಲವಲ್ಲ, ಹಾಗೆ ರಕ್ತದಲ್ಲಿ ಔಷಧ ಇದೆ ಎಂದ ಮಾತ್ರಕ್ಕೆ ಹಿಮ್ಮಡಿಯ ಚರ್ಮದಲ್ಲಿ ಇದೆ ಎಂದಲ್ಲ.

ನಾಳದ ಗೋಡೆ ದಾಟುವುದು ಬಿಡಿಯಾಗಿರುವ ಔಷಧ ಮಾತ್ರ. ರಕ್ತದ ಪ್ರೋಟೀನಿಗೆ ಅಂಟಿಕೊಂಡದ್ದು ಒಳಗೇ ಉಳಿಯುತ್ತದೆ. ಸೆಫಲೆಕ್ಸಿನ್ ಶೇ. 10–15ರಷ್ಟು ಮಾತ್ರ ಅಂಟಿಕೊಳ್ಳುತ್ತದೆ, ಲಿನೆಝೋಲಿಡ್ ಸುಮಾರು ಶೇ. 30. ಕ್ಲಾಕ್ಸಸಿಲಿನ್ ಶೇ. 95ರ ಹತ್ತಿರ, ಸೆಫ್ಟ್ರಿಯಾಕ್ಸೋನ್ ಶೇ. 85–95. ಹಾಗಾದರೆ ಕ್ಲಾಕ್ಸಸಿಲಿನ್ ಕೆಲಸಕ್ಕೆ ಬಾರದ್ದೇ? ಅಲ್ಲ. ಇಪ್ಪತ್ತರಲ್ಲಿ ಒಂದು ಪಾಲು ಹೊರಬಂದರೂ ಆ ಔಷಧಕ್ಕೆ ಬಗ್ಗುವ ಸ್ಟ್ಯಾಫಿಲೊಕಾಕಸ್ಸಿಗೆ ಅಷ್ಟೇ ಸಾಕಾಗುತ್ತದೆ. ಎಷ್ಟು ಮುಟ್ಟಿತು ಎಂಬುದನ್ನು ಯಾವಾಗಲೂ ಆ ರೋಗಾಣುವಿಗೆ ಎಷ್ಟು ಬೇಕು ಎಂಬುದರ ಜೊತೆಗಿಟ್ಟು ನೋಡಬೇಕು. ಸಿಪ್ರೊಫ್ಲಾಕ್ಸಸಿನ್ ಚರ್ಮಕ್ಕೆ ಚೆನ್ನಾಗಿಯೇ ಹೋಗುತ್ತದೆ, ಆದರೆ ಸ್ಟ್ರೆಪ್ಟೊಕಾಕಸ್ ಮೇಲೆ ಅದರ ಆಟ ನಡೆಯುವುದಿಲ್ಲ.

ಔಷಧ ಅಂಗಡಿಯವರಿಗೂ ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ವೈದ್ಯರಿಗೂ ಇಲ್ಲೊಂದು ಎಚ್ಚರಿಕೆ. ಕಂಪನಿಯ ಬಣ್ಣದ ಹಾಳೆಯಲ್ಲಿ "ಅಂಗಾಂಶದಲ್ಲಿ ರಕ್ತಕ್ಕಿಂತ ಹಲವು ಪಟ್ಟು ಹೆಚ್ಚು" ಎಂದಿದ್ದರೆ, ಹೇಗೆ ಅಳೆದರು ಎಂದು ಕೇಳಿ. ಚರ್ಮದ ಚೂರನ್ನು ಅರೆದು ಅಳೆದರೆ ಜೀವಕೋಶದ ಒಳಗಿನದೂ ಹೊರಗಿನದೂ ಕಲಸಿಹೋಗುತ್ತದೆ. ಅಜಿತ್ರೋಮೈಸಿನ್ ಜೀವಕೋಶಗಳ ಒಳಗೆ ಕೂಡಿಕೊಳ್ಳುವ ಔಷಧ, ಅರೆದು ಅಳೆದಾಗ ಅಂಕಿ ಬೆರಗು ಹುಟ್ಟಿಸುತ್ತದೆ. ರೋಗಾಣು ಇರುವ ಹೊರಗಿನ ದ್ರವದಲ್ಲಿ ಅಷ್ಟಿರುವುದಿಲ್ಲ. ಪೆನಿಸಿಲಿನ್ ಬಳಗದ್ದು ತದ್ವಿರುದ್ಧ: ಜೀವಕೋಶದ ಹೊರಗೇ ಉಳಿಯುವುದರಿಂದ ಅರೆದಾಗ ಅಂಕಿ ಕುಗ್ಗಿ ಕಾಣುತ್ತದೆ. ಚರ್ಮದ ಮೇಲೆ ಬೊಕ್ಕೆ ಎಬ್ಬಿಸಿ ಅದರ ನೀರು ತೆಗೆದು ಅಳೆಯುವುದು ಇದಕ್ಕಿಂತ ಮೇಲು. ಕೂದಲೆಳೆಯಂಥ ಅರೆಪಾರಕ ನಳಿಗೆಯನ್ನು ಚರ್ಮದಡಿ ತೂರಿಸಿ ಬಿಡಿ ಔಷಧವನ್ನಷ್ಟೇ ಹೆಕ್ಕುವ ಮೈಕ್ರೊಡಯಾಲಿಸಿಸ್ ಎಲ್ಲಕ್ಕಿಂತ ನಂಬಿಕೆಯದು.

ಗಡಿಯಾರ ನೋಡಿ ನುಂಗುವುದು

ಪೆನಿಸಿಲಿನ್ ಮತ್ತು ಸೆಫಲೆಕ್ಸಿನ್ ಜಾತಿಯ ಔಷಧಗಳಲ್ಲಿ ಎತ್ತರದ ಮಟ್ಟಕ್ಕಿಂತ ಹೊತ್ತು ಮುಖ್ಯ. ಎರಡು ಡೋಸಿನ ನಡುವಿನ ಅವಧಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತಾದರೂ ಬಿಡಿ ಔಷಧ ರೋಗಾಣುವನ್ನು ತಡೆಯುವ ಮಟ್ಟಕ್ಕಿಂತ ಮೇಲಿರಬೇಕು. ಲೆಕ್ಕ ಹಾಕಿ ನೋಡಿ. 500 ಮಿಲಿಗ್ರಾಂ ಸೆಫಲೆಕ್ಸಿನ್ ನುಂಗಿದ ಒಂದು ತಾಸಿಗೆ ರಕ್ತದಲ್ಲಿ ಮಿಲಿಲೀಟರಿಗೆ ಸುಮಾರು 18 ಮೈಕ್ರೊಗ್ರಾಂ ಇರುತ್ತದೆ, ಅದರಲ್ಲಿ ಬಿಡಿಯಾದದ್ದು ಸುಮಾರು 16. ಮೂತ್ರಪಿಂಡ ಸರಿಯಿದ್ದರೆ ಪ್ರತಿ ತಾಸಿಗೆ ಹತ್ತಿರಹತ್ತಿರ ಅರ್ಧ ಕಳೆದುಹೋಗುತ್ತದೆ: 16, 8, 4, 2. ರೋಗಾಣುವಿಗೆ 4 ಬೇಕೆಂದಿದ್ದರೆ ಸಿಕ್ಕ ಹೊತ್ತು ಸುಮಾರು ಮೂರು ತಾಸು. ಆರು ತಾಸಿಗೊಮ್ಮೆ ನುಂಗಿದರೆ ಅರ್ಧ ಹೊತ್ತು ಸಿಕ್ಕಿತು, ಹನ್ನೆರಡು ತಾಸಿಗೊಮ್ಮೆ ನುಂಗಿದರೆ ಕಾಲು ಹೊತ್ತು. ಚರ್ಮದ ದ್ರವದಲ್ಲಿ ಏರಿಕೆ ಸ್ವಲ್ಪ ತಡ, ಇಳಿಕೆಯೂ ನಿಧಾನ. ಆದರೂ ಲೆಕ್ಕದ ದಿಕ್ಕು ಇದೇ. ಬೆಳಿಗ್ಗೆ ಮರೆತದ್ದಕ್ಕೆ ರಾತ್ರಿ ಎರಡು ನುಂಗಿದರೆ ಮಟ್ಟ ಏರುತ್ತದೆಯೇ ಹೊರತು, ಡೋಸ್ ಇಮ್ಮಡಿಸಿದ್ದಕ್ಕೆ ಸಿಗುವ ಹೆಚ್ಚಿನ ಹೊತ್ತು ಒಂದೇ ತಾಸು.

ಚೀಟಿಯಲ್ಲಿ ದಿನಕ್ಕೆ ನಾಲ್ಕು ಎಂದಿದ್ದರೆ ಹೊಲಮನೆಯ ದಿನಚರಿಗೆ ಹೀಗೆ ಹೊಂದಿಸಿ: ಬೆಳಿಗ್ಗೆ 6ಕ್ಕೆ ಹೊಲಕ್ಕೆ ಹೊರಡುವ ಮುಂಚೆ ಒಂದು, ಮಧ್ಯಾಹ್ನ 12ಕ್ಕೆ ಬುತ್ತಿ ಬಿಚ್ಚುವಾಗ ಒಂದು, ಸಂಜೆ 6ಕ್ಕೆ ಒಂದು, ಮಲಗುವಾಗ 10–11ಕ್ಕೆ ಒಂದು. ಮಧ್ಯಾಹ್ನದ್ದೇ ಹೆಚ್ಚಾಗಿ ತಪ್ಪುವುದು, ಅದನ್ನು ಬುತ್ತಿಗಂಟಿನಲ್ಲೇ ಕಟ್ಟಿಬಿಡಿ. ವೈದ್ಯರು ದಿನಕ್ಕೆ ಎರಡೇ ಬರೆದಿದ್ದರೆ ನೀವಾಗಿ ನಾಲ್ಕು ಮಾಡಬೇಡಿ. ಸೋಂಕು ಹಗುರವಿರಬಹುದು, ಮೂತ್ರಪಿಂಡ ನಿಧಾನವಿರಬಹುದು. ಕೇಳಿ ತಿಳಿದುಕೊಳ್ಳಿ.

ಊಟದ ವಿಚಾರ ಔಷಧಕ್ಕೊಂದು ತೆರ. ಕ್ಲಾಕ್ಸಸಿಲಿನ್ ಖಾಲಿ ಹೊಟ್ಟೆಗೆ, ಊಟಕ್ಕೆ ಒಂದು ತಾಸು ಮೊದಲು ಅಥವಾ ಎರಡು ತಾಸಿನ ನಂತರ. ರೊಟ್ಟಿಯ ಜೊತೆ ನುಂಗಿದರೆ ರಕ್ತಕ್ಕೇ ಕಡಿಮೆ ಹೋಗುತ್ತದೆ, ಚರ್ಮದ ಮಾತು ದೂರವೇ ಉಳಿಯಿತು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಊಟದ ಮೊದಲ ತುತ್ತಿನ ಜೊತೆ. ಸೆಫಲೆಕ್ಸಿನ್ ಹೇಗಾದರೂ ಸರಿ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬರೆದಿದ್ದರೆ ಹಾಲು, ಮಜ್ಜಿಗೆ, ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಎದೆಯುರಿಯ ಔಷಧ ಇವುಗಳಿಂದ ಎರಡು-ಮೂರು ತಾಸು ದೂರವಿಡಿ. ಈ ಔಷಧ ಅವುಗಳಿಗೆ ಕಚ್ಚಿಕೊಂಡು ಕರುಳಿನಲ್ಲೇ ಉಳಿದುಬಿಡುತ್ತದೆ. ತುಂಬಿದ ಲೋಟ ನೀರು ಕುಡಿದು ಅರ್ಧ ತಾಸು ಕೂತೇ ಇರಿ. ಮಲಗಿದರೆ ಅನ್ನನಾಳದಲ್ಲಿ ಸಿಕ್ಕಿ ಸುಡುತ್ತದೆ. ಡಾಕ್ಸಿಸೈಕ್ಲಿನ್ ನುಂಗುತ್ತ ಮಾರ್ಚ್–ಮೇ ಬಿಸಿಲಲ್ಲಿ ದುಡಿದರೆ ಮೈ ಸುಟ್ಟಂತಾಗುವುದೂ ಉಂಟು, ತುಂಬುತೋಳಿನ ಅಂಗಿ ಬೇಕು. ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಮಕ್ಕಳ ಸಿರಪ್ಪಿನಲ್ಲಿ ತಪ್ಪುವುದು ಅಳತೆ. ಸೆಫಲೆಕ್ಸಿನ್ ದಿನಕ್ಕೆ ಕಿಲೋಗೆ 25–50 ಮಿಲಿಗ್ರಾಂ, ಮೂರು-ನಾಲ್ಕು ಪಾಲಾಗಿ. 12 ಕಿಲೋ ಮಗುವಿಗೆ ಕಿಲೋಗೆ 50ರ ಲೆಕ್ಕ ಹಿಡಿದರೆ ದಿನಕ್ಕೆ 600, ನಾಲ್ಕು ಪಾಲು ಮಾಡಿದರೆ ಸಲಕ್ಕೆ 150 ಮಿಲಿಗ್ರಾಂ. 5 ಮಿಲಿಲೀಟರಿಗೆ 125 ಇರುವ ಸಿರಪ್ಪಿನಲ್ಲಿ ಅದು 6 ಮಿಲಿಲೀಟರ್. ಅಡುಗೆಮನೆಯ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಪುಡಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಪ್ರತಿ ಸಲ ಕುಲುಕಿ. ಕ್ಲಾವುಲನೇಟ್ ಇರುವ ಸಿರಪ್ ಕಲಸಿದ ಮೇಲೆ ಫ್ರಿಜ್‌ನಲ್ಲಿ 7 ದಿನ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ, ಅದರಲ್ಲೂ ಬೇಸಿಗೆಯಾಗಿದ್ದರೆ, ನೀರಿನಲ್ಲಿ ಕರಗುವ ಗುಳಿಗೆ ಬರೆದುಕೊಡಿ ಎಂದು ಮೊದಲೇ ಹೇಳಿ.

ಕೀವಿದ್ದರೆ ಕೊಯ್ಯದೆ ದಾರಿಯಿಲ್ಲ

ಬೇರೆ ಏನು ಮರೆತರೂ ಇದೊಂದನ್ನು ಮರೆಯಬಾರದು. ಕೀವಿನ ಗೂಡಿನೊಳಗೆ ರಕ್ತನಾಳವಿಲ್ಲ, ಸುತ್ತ ದಪ್ಪ ಗೋಡೆ ಬೆಳೆದಿರುತ್ತದೆ. ಒಳಗೆ ಹುಳಿ ಹೆಚ್ಚು, ಆಮ್ಲಜನಕ ಕಡಿಮೆ, ರೋಗಾಣುಗಳು ಕೋಟಿಗಟ್ಟಲೆ. ಜೆಂಟಾಮೈಸಿನ್ ಅಂಥ ವಾತಾವರಣದಲ್ಲಿ ಸೋಲುತ್ತದೆ, ಏಕೆಂದರೆ ರೋಗಾಣುವಿನ ಒಳಹೊಗಲು ಅದಕ್ಕೆ ಆಮ್ಲಜನಕ ಬೇಕು. ಕೊಟ್ರೈಮಾಕ್ಸಜೋಲ್ ರೋಗಾಣುವಿಗೆ ಥೈಮಿಡಿನ್ ತಯಾರಾಗದಂತೆ ತಡೆಯುವ ಔಷಧ. ಕೀವಿನಲ್ಲಿ ಸತ್ತ ಜೀವಕೋಶಗಳಿಂದ ರೋಗಾಣುವಿಗೆ ಅದೇ ವಸ್ತು ಸಿದ್ಧವಾಗಿ ಸಿಗುತ್ತದೆ. ಮರಗಟ್ಟಿಸುವ ಲಿಗ್ನೊಕೇನ್ ಕೂಡ ಈ ಹುಳಿಯಿಂದಾಗಿಯೇ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಕೊಯ್ಯುವಾಗ ನೋವಾದರೆ ಅದಕ್ಕೆ ವೈದ್ಯರ ಕೈ ಕಾರಣವಲ್ಲದಿರಬಹುದು.

ಹಾಗಾಗಿ ಕುರು ಇನ್ನೂ ಗಟ್ಟಿಯಾಗಿದ್ದಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಸ್ವಚ್ಛ ಬಟ್ಟೆಯನ್ನು 10–15 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ ಇಡಿ. ಬಿಸಿ ಎಷ್ಟೆಂದು ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋದವರಿಗೆ ಬೇರೆಯವರು ಮುಟ್ಟಿ ನೋಡಬೇಕು. ಇಲ್ಲದಿದ್ದರೆ ಕುರುವಿನ ಜೊತೆ ಸುಟ್ಟಗಾಯವೂ ಸೇರುತ್ತದೆ. ಒತ್ತಿದಾಗ ಒಳಗೆ ದ್ರವ ಅಲುಗಿದಂತಾದರೆ ಅದು ಹಣ್ಣಾಗಿದೆ. ಆಗ ಬ್ಲೇಡು, ಜಾಲಿಮುಳ್ಳು, ಹಿಂಡುವುದು ಯಾವುದೂ ಬೇಡ, ವೈದ್ಯರ ಬಳಿ ಹೋಗಿ. ಹಿಂಡಿದರೆ ಗೋಡೆ ಒಳಮುಖವಾಗಿ ಒಡೆದು ಕೀವು ಕೊಬ್ಬಿಗಿಳಿಯುತ್ತದೆ. ಮೂಗು ಮತ್ತು ಮೇಲ್ದುಟಿಯ ಕುರುವನ್ನಂತೂ ಮುಟ್ಟಲೇಬಾರದು, ಅಲ್ಲಿನ ರಕ್ತನಾಳಗಳಿಗೆ ತಲೆಬುರುಡೆಯೊಳಗಿನ ನಾಳಗಳ ನಂಟಿದೆ. ಸುಣ್ಣ-ಬೆಲ್ಲದ ಪಟ್ಟು ಹಾಕುವ ರೂಢಿಯನ್ನೂ ಬಿಡಿ. ಸುಣ್ಣ ಚರ್ಮವನ್ನು ಸುಡುತ್ತದೆ, ಸುಟ್ಟ ಚರ್ಮ ರೋಗಾಣುವಿಗೆ ತೆರೆದ ಬಾಗಿಲು.

ಸಣ್ಣ ಕುರು, ಸುತ್ತ ಕೆಂಪು ಹರಡಿಲ್ಲ, ಜ್ವರವಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ ಎಂದಾದರೆ ಕೊಯ್ದು ತೆಗೆದರೆ ಎಷ್ಟೋ ಸಲ ಅಷ್ಟೇ ಸಾಕು. ವೈದ್ಯರು ಆಂಟಿಬಯೋಟಿಕ್ ಬರೆಯಲಿಲ್ಲವೆಂದು ಬೇಸರ ಬೇಡ. ದೊಡ್ಡದಾಗಿದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ, ಹಿಂದಿನ ಔಷಧ ಸೋತಿದ್ದರೆ ಕೊಯ್ಯುವಾಗಲೇ ಕೀವನ್ನು ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳಿಸಲು ಕೇಳಿ. ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು, ಇವೆಲ್ಲ ವೈದ್ಯಕೀಯ ಕಾಲೇಜುಗಳಾದ್ದರಿಂದ ಸೂಕ್ಷ್ಮಜೀವಿ ವಿಭಾಗ ಇದ್ದೇ ಇರುತ್ತದೆ. ಮಾದರಿ ಮೊದಲ ಡೋಸಿಗಿಂತ ಮುಂಚೆ, ಒಳಗಿನ ಕೀವಿನಿಂದ ಹೋಗಬೇಕು. ಮೇಲೆ ಒಣಗಿದ್ದನ್ನು ಒರೆಸಿ ಕಳಿಸಿದರೆ ಚರ್ಮದ ಮೇಲೆ ಮಾಮೂಲಾಗಿ ಇರುವ ಜೀವಿಗಳೇ ವರದಿಯಲ್ಲಿ ಬರುತ್ತವೆ. ವರದಿಗೆ ಎರಡು-ಮೂರು ದಿನ ಹಿಡಿಯುತ್ತದೆ.

ಹರಡುವ ಕೆಂಪಿಗೆ: ಹೊರಸಿನ ಕಾಲಿಗೆ ಇಟ್ಟಿಗೆ

ಸೆಲ್ಯುಲೈಟಿಸ್‌ನಲ್ಲಿ ಕೊಯ್ಯಲು ಕೀವಿಲ್ಲ, ಅಡ್ಡಿ ಮಾಡುವುದು ನೀರು. ಬಾತ ಕಾಲಿನಲ್ಲಿ ದ್ರವ ತುಂಬಿದಷ್ಟೂ ರಕ್ತನಾಳದಿಂದ ರೋಗಾಣುವಿಗೆ ದೂರ ಹೆಚ್ಚುತ್ತದೆ, ಸೂಕ್ಷ್ಮ ನಾಳಗಳು ಅದುಮಿಹೋಗುತ್ತವೆ. ಕಾಲನ್ನು ಎದೆಗಿಂತ ಎತ್ತರಕ್ಕಿಡುವುದು ಇದಕ್ಕೇ. ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲ್ ಮೇಲಿಟ್ಟರೆ ಅದು ಎದೆಗಿಂತ ಮೇಲಾಗುವುದಿಲ್ಲ. ಹೊರಸಿನ ಕಾಲ್ದೆಸೆಯ ಎರಡೂ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಡಿ, ಅರ್ಧ ಅಡಿ ಎತ್ತರ ಸಿಗುತ್ತದೆ. ರಾತ್ರಿಯಿಡೀ ಹಾಗೇ ಮಲಗಿ, ಹಗಲಲ್ಲೂ ಮೂರು-ನಾಲ್ಕು ಸಲ ಅರ್ಧರ್ಧ ತಾಸು. ಹೃದಯ ದುರ್ಬಲವಾಗಿ ಮಲಗಿದರೆ ಉಸಿರುಕಟ್ಟುವವರು, ಪಾದ ತಣ್ಣಗಿದ್ದು ಮಲಗಿದಾಗ ಕಾಲು ನೋಯುವವರು ಮಾತ್ರ ಕೇಳದೆ ಇದನ್ನು ಮಾಡಬಾರದು.

ಔಷಧ ಶುರುವಾದ ದಿನವೇ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ತಾರೀಖು, ಹೊತ್ತು ಬರೆಯಿರಿ. ಮೊದಲ ಒಂದೆರಡು ದಿನ ಗೆರೆಯಾಚೆ ತುಸು ದಾಟಬಹುದು, ಸಾಯುವ ರೋಗಾಣು ಬಿಡುವ ವಿಷದಿಂದ ಕೆಂಪು ಹೆಚ್ಚುವುದುಂಟು. 48–72 ತಾಸಿಗೆ ಜ್ವರ ಇಳಿದು, ನೋವು ತಗ್ಗಿ, ಅಂಚು ಮಸುಕಾಗಬೇಕು. ಹಾಗೆ ಇಳಿಯುತ್ತಿದ್ದರೆ ಸಾಮಾನ್ಯ ಸೆಲ್ಯುಲೈಟಿಸ್‌ಗೆ 5 ದಿನದ ಔಷಧ ಸಾಕೆಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಕಂದುಬಣ್ಣ, ಸಿಪ್ಪೆ ಸುಲಿಯುವುದು, ಸಂಜೆಯ ಬಾವು ಆಮೇಲೂ ಒಂದೆರಡು ವಾರ ಉಳಿಯುತ್ತವೆ, ಅದಕ್ಕೆ ಇನ್ನೊಂದು ಕೋರ್ಸ್ ಬೇಕಿಲ್ಲ.

ಇನ್ನು ಸೂಜಿಯ ವಿಚಾರ. ಲಿನೆಝೋಲಿಡ್ ನುಂಗಿದರೂ ಹತ್ತಿರಹತ್ತಿರ ಪೂರ್ತಿ ರಕ್ತಕ್ಕೆ ಹೋಗುತ್ತದೆ, ಚರ್ಮದ ಬೊಕ್ಕೆಯ ದ್ರವದಲ್ಲೂ ರಕ್ತದಷ್ಟೇ ಸಿಗುತ್ತದೆ. ವಾಂತಿಯಿಲ್ಲದೆ ನುಂಗಬಲ್ಲವರಿಗೆ ಅದನ್ನು ರಕ್ತನಾಳಕ್ಕೆ ಕೊಡುವುದರಿಂದ ಹೆಚ್ಚಿನ ಲಾಭವಿಲ್ಲ. ಕ್ಲಿಂಡಾಮೈಸಿನ್ ಕೂಡ ಸುಮಾರು ಶೇ. 90 ಹೀರಿಕೊಳ್ಳುತ್ತದೆ. ಲಿನೆಝೋಲಿಡ್ ಮಾತ್ರ ಪ್ರತಿರೋಧಿ ಕ್ಷಯಕ್ಕೂ ಬೇಕಾದ ಔಷಧ. ಮಾಮೂಲಿ ಕುರುವಿಗೆ ಅದನ್ನು ಸುರಿಯುವುದು ದಂಡ, ಎರಡು ವಾರ ದಾಟಿದರೆ ರಕ್ತಕಣಗಳೂ ಕುಸಿಯಬಹುದು. ಸೆಫ್ಟ್ರಿಯಾಕ್ಸೋನ್ ದಿನಕ್ಕೊಂದೇ ಸೂಜಿ ಎಂಬ ಅನುಕೂಲಕ್ಕೆ ಎಲ್ಲೆಡೆ ಬಳಕೆಯಲ್ಲಿದೆ, ಆದರೆ ಸ್ಟ್ಯಾಫಿಲೊಕಾಕಸ್‌ನ ಮೇಲೆ ಸೆಫಜೊಲಿನ್‌ನಷ್ಟು ಬಿರುಸಿಲ್ಲ. ಸೂಜಿ ನಿಜಕ್ಕೂ ಬೇಕಾಗುವುದು ತೀವ್ರ ಜ್ವರ, ವಾಂತಿ, ಬಿಪಿ ಕುಸಿತ, ಬೇಗ ಹರಡುವ ಕೆಂಪು ಇದ್ದಾಗ.

ಒಂದು ಸ್ಥಿತಿಯಲ್ಲಿ ಯಾವ ಸೂಜಿಯೂ ಮುಟ್ಟುವುದಿಲ್ಲ. ಕಾಣುವ ಕೆಂಪಿಗಿಂತ ನೋವು ಹತ್ತು ಪಟ್ಟು ಇದ್ದರೆ, ಗೆರೆಯನ್ನು ತಾಸುತಾಸಿಗೆ ದಾಟುತ್ತಿದ್ದರೆ, ಚರ್ಮ ನೇರಳೆ ಅಥವಾ ಕಪ್ಪಾಗಿ ಬೊಕ್ಕೆ ಎದ್ದರೆ, ಒತ್ತಿದಾಗ ಚರಚರ ಎಂದರೆ ಆಳದ ಅಂಗಾಂಶ ಕೊಳೆಯುತ್ತಿದೆ. ಅಲ್ಲಿನ ರಕ್ತನಾಳಗಳೇ ಹೆಪ್ಪುಗಟ್ಟಿರುತ್ತವೆ. ಸತ್ತ ಭಾಗವನ್ನು ಶಸ್ತ್ರಕ್ರಿಯೆಯಲ್ಲಿ ತೆಗೆಯಲೇಬೇಕು. ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ 108ಕ್ಕೆ ಕರೆ ಮಾಡಿ.

ಸಕ್ಕರೆ ಕಾಯಿಲೆಯ ಪಾದ

ಇಲ್ಲಿ ಕಾಲುವೆಯೇ ಹೂಳು ತುಂಬಿರುತ್ತದೆ. ಪಾದದ ನಾಡಿ ಸಿಗದಿದ್ದರೆ, ಗಾಯ ಎರಡು ವಾರವಾದರೂ ಕುಗ್ಗದಿದ್ದರೆ ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿ. ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತ ಸರಿಯಾಗಿ ಇಳಿಯುತ್ತಿಲ್ಲ ಎಂದರ್ಥ. ಬಹುಕಾಲದ ಸಕ್ಕರೆಯವರಲ್ಲಿ ನಾಳ ಗಟ್ಟಿಯಾಗಿ ಈ ಅಂಕಿ ಸುಳ್ಳಾಗಿ ಹೆಚ್ಚು ಬರುವುದೂ ಉಂಟು, ಅಂಥವರಲ್ಲಿ ಹೆಬ್ಬೆರಳಿನ ಬಿಪಿ ನೋಡುತ್ತಾರೆ. ವ್ಯಾಂಕೊಮೈಸಿನ್‌ನಂಥ ಔಷಧಗಳ ಮಟ್ಟ ಸಕ್ಕರೆಯವರ ಚರ್ಮದಡಿಯಲ್ಲಿ ಉಳಿದವರಿಗಿಂತ ಕಡಿಮೆ ಎಂದು ಮೈಕ್ರೊಡಯಾಲಿಸಿಸ್‌ನಲ್ಲಿ ಅಳೆದು ಕಂಡಿದ್ದಾರೆ. ಬೀಡಿ ನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಗುಟಕಾದ ನಿಕೋಟಿನ್ನೂ ಅದನ್ನೇ ಮಾಡುತ್ತದೆ. ಕಪ್ಪಾದ ಬೆರಳಿಗೆ ಔಷಧ ಹೋಗುವುದೇ ಇಲ್ಲ.

ಮುಲಾಮು ಎಲ್ಲಿ ನಡೆಯುತ್ತದೆ

ಇಂಪೆಟಿಗೊದಲ್ಲಿ ನಡೆಯುತ್ತದೆ, ರೋಗಾಣು ಮೇಲ್ಪದರದಲ್ಲೇ ಇದೆ. ಹಕ್ಕಳೆಯನ್ನು ಬೆಚ್ಚನೆ ನೀರಿನ ಬಟ್ಟೆಯಿಂದ ಹತ್ತು ನಿಮಿಷ ನೆನೆಸಿ ಮೆಲ್ಲಗೆ ತೆಗೆದು, ಶೇ. 2ರ ಮ್ಯುಪಿರೋಸಿನ್ ತೆಳ್ಳಗೆ ಹಚ್ಚಿ, ದಿನಕ್ಕೆ ಎರಡು-ಮೂರು ಸಲ, 5 ದಿನ. ಹಕ್ಕಳೆಯ ಮೇಲೇ ಹಚ್ಚಿದರೆ ಔಷಧ ಹಕ್ಕಳೆಗೆ ಸಿಗುತ್ತದೆ. ಸೆಲ್ಯುಲೈಟಿಸ್‌ಗೆ ಮುಲಾಮು ವ್ಯರ್ಥ: ಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ಭಾರದ ಅಣುಗಳಿಗೆ ಗಟ್ಟಿ ಚರ್ಮ ದಾರಿ ಬಿಡುವುದು ಕಷ್ಟ, ಮನೆಮನೆಯಲ್ಲಿರುವ ಸೋಫ್ರಾಮೈಸಿನ್‌ನ ಅಣು ಅದಕ್ಕಿಂತ ಭಾರ. ಆ ಬಳಗದ ಮುಲಾಮು-ಪುಡಿಗಳಿಗೆ ಕೆಲವರ ಚರ್ಮ ಅಲರ್ಜಿಯಾಗಿ ಕೆಂಪಾಗಿ ತುರಿಸುತ್ತದೆ, ಸೋಂಕು ಹೆಚ್ಚಿತೆಂದು ಇನ್ನಷ್ಟು ಹಚ್ಚುತ್ತಾರೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರೂ ಕಲಸಿದ ಟ್ಯೂಬು ಇದಕ್ಕಿಂತ ಕೆಟ್ಟದ್ದು. ಕೆಂಪು ಅಡಗುತ್ತದೆ, ಗಜಕರ್ಣ ಒಳಗೊಳಗೇ ಹಬ್ಬುತ್ತದೆ.

ಮತ್ತೆ ಮತ್ತೆ ಅದೇ ಕಾಲಿಗೆ ಬಂದರೆ

ಕಾಲ್ಬೆರಳ ಸಂದಿ ಬಿಡಿಸಿ ನೋಡಿ. ಹಾನಗಲ್ ಕಡೆಯ ಗದ್ದೆಕೆಸರಿನಲ್ಲಿ ನಿಂತವರ ಬೆರಳ ಸಂದಿ ಬೆಳ್ಳಗೆ ಬೆಂದಂತಾಗಿ ಒಡೆದಿರುತ್ತದೆ, ಸ್ಟ್ರೆಪ್ಟೊಕಾಕಸ್ ಒಳಬರುವುದು ಅಲ್ಲಿಂದಲೇ. ತೊಳೆದು, ಒಣಬಟ್ಟೆಯಿಂದ ಸಂದಿ ಸಂದಿ ಒರೆಸಿ, ಶೇ. 1ರ ಕ್ಲೊಟ್ರಿಮಜೋಲ್ ದಿನಕ್ಕೆರಡು ಸಲ ನಾಲ್ಕು ವಾರ ಹಚ್ಚಿ. ಇಷ್ಟಾದರೂ ವರ್ಷಕ್ಕೆ ಮೂರು-ನಾಲ್ಕು ಸಲ ಮರುಕಳಿಸಿದರೆ ಪೆನಿಸಿಲಿನ್ ವಿ 250 ಮಿಲಿಗ್ರಾಂ ದಿನಕ್ಕೆರಡು, ಇಲ್ಲವೇ 12 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಸೂಜಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಎಂಬ ದಾರಿಯಿದೆ. ಆ ಸೂಜಿಯಿಂದ ರಕ್ತದಲ್ಲಿ ಸಿಗುವ ಮಟ್ಟ ತೀರ ಕಡಿಮೆ, ಆದರೆ ವಾರಗಟ್ಟಲೆ ಒಂದೇ ಸಮ ಇರುತ್ತದೆ. ಸ್ಟ್ರೆಪ್ಟೊಕಾಕಸ್ ಪೆನಿಸಿಲಿನ್ನಿಗೆ ಅಷ್ಟು ಸುಲಭವಾಗಿ ಬಗ್ಗುವುದರಿಂದ ಅಷ್ಟೇ ಸಾಕಾಗುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಆನೆಕಾಲಿನಂತೆ ಬಾವು ಉಳಿದುಬಿಟ್ಟವರು ಸೋಂಕು ಪೂರ್ತಿ ಇಳಿದ ಮೇಲೆ, ಪಾದದ ನಾಡಿ ಸಿಗುತ್ತದೆಂದು ವೈದ್ಯರಿಂದ ಖಾತ್ರಿ ಮಾಡಿಕೊಂಡು, ಬೆಳಿಗ್ಗೆ ಹೊರಸಿನಿಂದ ಇಳಿಯುವ ಮುನ್ನವೇ ಬಿಗಿ ಸ್ಟಾಕಿಂಗ್ಸ್ ಏರಿಸಬೇಕು. ಇಳಿದು ಓಡಾಡಿದ ಮೇಲೆ ಹಾಕಿದರೆ ಅಷ್ಟರಲ್ಲಿ ನೀರು ಕಾಲಿಗಿಳಿದಿರುತ್ತದೆ.